ಓದೆಯೋನ್ ಬೀದಿಯ ಎರಡು ಪುಸ್ತಕದಂಗಡಿಗಳು

ಸಾಹಿತ್ಯ ಚರಿತ್ರೆಯಲ್ಲಿ ಕವಿಗೆ ಅಧ್ಯಾಯಗಳಿವೆ, ಆಶ್ರಯದಾತರಿಗೆ ಪುಟಗಳಿವೆ, ಓಲೆಗರಿ ಬರೆದ ಲಿಪಿಕಾರನಿಗೂ ಒಂದೆರಡು ಸಾಲುಗಳಿವೆ. ಮುದ್ರಣಯುಗಕ್ಕೆ ಬಂದಾಗ ಪ್ರಕಾಶಕನ ಹೆಸರು ಸೇರಿಕೊಳ್ಳುತ್ತದೆ. ಆದರೆ ಅಚ್ಚಾದ ಪುಸ್ತಕವನ್ನು ಓದುಗನ ಕೈಗೆ ತಲಪಿಸಿದ ಅಂಗಡಿಕಾರನ ಪ್ರಸ್ತಾಪ ಬರುವುದು ವಿರಳ. ಅವನು ವ್ಯಾಪಾರಿ, ಅವನಿಗೂ ಸಾಹಿತ್ಯಕ್ಕೂ ಇರುವ ನಂಟು ಹಣದ್ದು ಮಾತ್ರ ಎಂಬ ಭಾವನೆ ಇದಕ್ಕೆ ಕಾರಣವಿರಬೇಕು. ಈ ಭಾವನೆ ಎಷ್ಟು ಅಪೂರ್ಣವೆಂಬುದನ್ನು ತಿಳಿಯಲು ಇಪ್ಪತ್ತನೆಯ ಶತಮಾನದ ಮೊದಲರ್ಧದ ಪ್ಯಾರಿಸ್ ನಗರದಲ್ಲಿ, ಓದೆಯೋನ್ ಎಂಬ ಒಂದೇ ಬೀದಿಯಲ್ಲಿ, ಎದುರುಬದುರಾಗಿ ಇದ್ದ ಎರಡು ಪುಸ್ತಕದಂಗಡಿಗಳ ಚರಿತ್ರೆಯನ್ನು ಗಮನಿಸಬೇಕು. ಎರಡನ್ನೂ ನಡೆಸಿದವರು ಮಹಿಳೆಯರು. ಒಬ್ಬರು ಫ್ರೆಂಚ್ ಮಹಿಳೆ ಆದ್ರಿಯೆನ್ ಮೊನಿಯೆ. ಇನ್ನೊಬ್ಬರು ಅಮೆರಿಕದ ಸಿಲ್ವಿಯಾ ಬೀಚ್.

ಸ್ವತಂತ್ರ ಪುಸ್ತಕದಂಗಡಿ ಎಂದರೆ ದೊಡ್ಡ ಮಳಿಗೆಗಳ ಸರಪಣಿಗೆ ಸೇರದೆ, ಒಬ್ಬ ವ್ಯಕ್ತಿಯ ಅಥವಾ ಒಂದು ಕುಟುಂಬದ ಒಡೆತನದಲ್ಲಿ, ಆ ಒಡೆಯರ ಅಭಿರುಚಿಗೆ ಅನುಗುಣವಾಗಿ ನಡೆಯುವ ಅಂಗಡಿ. ಯಾವ ಪುಸ್ತಕವನ್ನು ತರಿಸಬೇಕು, ಯಾವುದನ್ನು ಎದುರಿಗೆ ಇಡಬೇಕು, ಯಾವುದನ್ನು ವರ್ಷಗಟ್ಟಲೆ ಮಾರಾಟವಾಗದಿದ್ದರೂ ಕಪಾಟಿನಲ್ಲಿ ಉಳಿಸಿಕೊಳ್ಳಬೇಕು ಎಂಬ ತೀರ್ಮಾನ ಅಲ್ಲಿ ಒಬ್ಬರದೇ. ನಷ್ಟವೂ ಅವರೊಬ್ಬರದೇ.

ಮೊನಿಯೆಯ ಮನೆ

ಆದ್ರಿಯೆನ್ ಮೊನಿಯೆ ತನ್ನ ಅಂಗಡಿಯನ್ನು ತೆರೆದದ್ದು 1915ರ ನವೆಂಬರ್ ತಿಂಗಳಲ್ಲಿ, ಓದೆಯೋನ್ ಬೀದಿಯ 7ನೆಯ ಸಂಖ್ಯೆಯ ಮಳಿಗೆಯಲ್ಲಿ. ಆಗ ಆಕೆಗೆ 23 ವರ್ಷ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಬಂಡವಾಳ ಒದಗಿದ ಬಗೆ ಮನಕಲಕುವಂಥದು. ಆಕೆಯ ತಂದೆ ಅಂಚೆ ಇಲಾಖೆಯ ನೌಕರ. ರಾತ್ರಿಯ ರೈಲಿನಲ್ಲಿ ಪತ್ರಗಳನ್ನು ವಿಂಗಡಿಸುವ ಕೆಲಸದಲ್ಲಿದ್ದಾಗ ಅಪಘಾತಕ್ಕೆ ಸಿಕ್ಕಿ ಗಾಯಗೊಂಡರು. ಪರಿಹಾರವಾಗಿ ಬಂದ 10,000 ಫ್ರಾಂಕುಗಳನ್ನು ಅವರು ಮಗಳ ಕೈಗಿತ್ತರು. ಆ ಹಣವೇ ಅಂಗಡಿಯಾಯಿತು. ಆಕೆ ಅದಕ್ಕಿಟ್ಟ ಹೆಸರಿಗೆ ಕನ್ನಡದಲ್ಲಿ 'ಪುಸ್ತಕಮಿತ್ರರ ಮನೆ' ಎಂದು ಹೇಳಬಹುದು.

ಹೆಸರು ಅನ್ವರ್ಥವಾಗಿತ್ತು. ಮೊನಿಯೆ ಪುಸ್ತಕಗಳನ್ನು ಮಾರುವುದರ ಜೊತೆಗೆ ಚಂದಾದಾರರಿಗೆ ಎರವಲು ಕೊಡುತ್ತಿದ್ದಳು. ಕೊಳ್ಳುವ ಮೊದಲು ಓದಿ ನೋಡುವ ಹಕ್ಕು ಓದುಗನಿಗೆ ಇರಬೇಕು ಎಂಬುದು ಆಕೆಯ ನಿಲುವು. ಸಂಜೆಯ ವೇಳೆ ಅಂಗಡಿ ಗೋಷ್ಠಿಯ ಚಾವಡಿಯಾಗುತ್ತಿತ್ತು. ಪಾಲ್ ವಲೇರಿ, ಆಂದ್ರೆ ಜೀದ್ ಮೊದಲಾದವರು ಅಲ್ಲಿ ತಮ್ಮ ಕೃತಿಗಳನ್ನು ಓದಿದರು.

1925ರ ಜೂನ್ ತಿಂಗಳಲ್ಲಿ ಮೊನಿಯೆ 'ಬೆಳ್ಳಿಯ ಹಡಗು' ಎಂಬ ಅರ್ಥದ ಹೆಸರಿನ ಸಾಹಿತ್ಯ ಮಾಸಪತ್ರಿಕೆಯನ್ನು ಪ್ರಾರಂಭಿಸಿದಳು. ಟಿ.ಎಸ್. ಎಲಿಯಟ್ ಕವಿಯ 'ಪ್ರೂಫ್ರಾಕ್' ಕವಿತೆಯ ಫ್ರೆಂಚ್ ಅನುವಾದ ಬಂದದ್ದು ಅದರಲ್ಲಿ. ಅನುವಾದಿಸಿದವರು ಮೊನಿಯೆ ಮತ್ತು ಬೀಚ್. ಸ್ಯಾಂತೆಕ್ಸೂಪೆರಿಯ ಮೊದಲ ಬರೆಹ ಪ್ರಕಟವಾದದ್ದೂ ಅದರಲ್ಲಿಯೇ. ಆದರೆ ಪತ್ರಿಕೆ ಹನ್ನೆರಡೇ ಸಂಚಿಕೆಗಳಿಗೆ ನಿಂತಿತು. ಸಾಲ ತೀರಿಸಲು ಆಕೆ 1926ರಲ್ಲಿ ತನ್ನ ಸ್ವಂತ ಸಂಗ್ರಹದ ಪುಸ್ತಕಗಳನ್ನು ಹರಾಜಿಗಿಟ್ಟಳು. ಅವುಗಳಲ್ಲಿ ಹಲವು ಲೇಖಕರು ತಮ್ಮ ಕೈಯಾರೆ ಬರೆದು ಆಕೆಗೆ ಕಾಣಿಕೆಯಿತ್ತ ಪ್ರತಿಗಳು. ಇಂದು ಸಾಹಿತ್ಯ ಚರಿತ್ರೆ ಆ ಪತ್ರಿಕೆಯನ್ನು ಗೌರವದಿಂದ ನೆನೆಯುತ್ತದೆ. ಅದರ ಅಚ್ಚಿನ ಖರ್ಚನ್ನು ತೆತ್ತದ್ದು ಒಬ್ಬ ಅಂಗಡಿಕಾರ್ತಿಯ ಕಪಾಟು.

ಬೀಚ್ ತೆರೆದ ಬಾಗಿಲು

ಮೊನಿಯೆಯ ಅಂಗಡಿಗೆ ಓದುಗಳಾಗಿ ಬಂದವಳು ಸಿಲ್ವಿಯಾ ಬೀಚ್. ಕ್ರೈಸ್ತ ಪಾದ್ರಿಯೊಬ್ಬರ ಮಗಳು. ಫ್ರೆಂಚ್ ಪುಸ್ತಕಗಳ ಅಂಗಡಿಯೊಂದನ್ನು ನ್ಯೂಯಾರ್ಕಿನಲ್ಲಿ ತೆರೆಯಬೇಕೆಂಬುದು ಆಕೆಯ ಮೊದಲ ಬಯಕೆ. ಅಲ್ಲಿಯ ಬಾಡಿಗೆ ಕೈಗೆಟುಕುವಂತಿರಲಿಲ್ಲ. ಆದ್ದರಿಂದ ಯೋಜನೆ ತಿರುವುಮುರುವಾಯಿತು: ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ಪುಸ್ತಕಗಳ ಅಂಗಡಿ. ತಾಯಿ 3,000 ಡಾಲರ್ ಕಳುಹಿಸಿದಳು. 1919ರ ನವೆಂಬರ್ 19ರಂದು, ದ್ಯುಪ್ಯುಯಿತ್ರಾನ್ ಬೀದಿಯಲ್ಲಿ, ಹಿಂದೆ ಬಟ್ಟೆ ಒಗೆಯುವವರ ಮಳಿಗೆಯಾಗಿದ್ದ ಜಾಗದಲ್ಲಿ 'ಶೇಕ್ಸ್‌ಪಿಯರ್ ಅಂಡ್ ಕಂಪನಿ' ಪ್ರಾರಂಭವಾಯಿತು. 1921ರಲ್ಲಿ ಅದು ಓದೆಯೋನ್ ಬೀದಿಯ 12ನೆಯ ಸಂಖ್ಯೆಗೆ, ಮೊನಿಯೆಯ ಅಂಗಡಿಯ ಎದುರಿಗೆ, ಬಂದು ನೆಲೆನಿಂತಿತು.

ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ಪುಸ್ತಕಗಳು ತುಟ್ಟಿ. ಇಂಗ್ಲೆಂಡ್ ಅಮೆರಿಕಗಳಿಂದ ಬರುವ ಪುಸ್ತಕದ ಬೆಲೆಯನ್ನು ಫ್ರಾಂಕಿಗೆ ಪರಿವರ್ತಿಸಿದರೆ ಸಾಮಾನ್ಯ ಓದುಗರಿಗೆ ಕೊಳ್ಳುವುದು ಕಷ್ಟ. ಹೀಗಾಗಿ ಬೀಚಳ ಅಂಗಡಿಗೂ ಎರವಲಿನ ವಿಭಾಗವೇ ಆಧಾರಸ್ತಂಭವಾಯಿತು. 1921ರ ಕೊನೆಯಲ್ಲಿ ಅಂಗಡಿಗೆ ಬಂದ ಅರ್ನೆಸ್ಟ್ ಹೆಮಿಂಗ್ವೇ ಎಂಬ ತರುಣ ಪತ್ರಕರ್ತನ ಬಳಿ ಚಂದಾ ಕಟ್ಟಲು ಹಣವಿರಲಿಲ್ಲ. ಆಮೇಲೆ ಕೊಟ್ಟರಾಯಿತು ಎಂದು ಬೀಚ್ ಪುಸ್ತಕಗಳನ್ನು ಕೊಟ್ಟು ಕಳುಹಿಸಿದಳು. ಹೆಮಿಂಗ್ವೇ ಆ ಉಪಕಾರವನ್ನು ತನ್ನ ಪ್ಯಾರಿಸ್ ನೆನಪುಗಳಲ್ಲಿ ಕೃತಜ್ಞತೆಯಿಂದ ದಾಖಲಿಸಿದ್ದಾನೆ.

ಸಂಶೋಧಕರು ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಅಂಗಡಿಯ ಎರವಲಿನ ಕಾರ್ಡುಗಳು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಇಂದಿಗೂ ಭದ್ರವಾಗಿವೆ. ಯಾರು, ಯಾವ ದಿನ, ಯಾವ ಪುಸ್ತಕವನ್ನು ಒಯ್ದರು, ಎಂದು ಹಿಂತಿರುಗಿಸಿದರು ಎಂಬ ವಿವರ ಅವುಗಳಲ್ಲಿದೆ. ಒಬ್ಬ ಲೇಖಕನ ಓದಿನ ಚರಿತ್ರೆಯನ್ನು ಕಟ್ಟಲು ಆತ್ಮಕಥೆಗಿಂತ ನಂಬಲರ್ಹವಾದ ಆಕರ ಇಂಥ ಲೆಕ್ಕದ ಚೀಟಿ.

ಸಾವಿರ ಪ್ರತಿಗಳು

ಬೀಚ್ ಮಾಡಿದ ಮಹತ್ಸಾಹಸವೆಂದರೆ ಜೇಮ್ಸ್ ಜಾಯ್ಸನ 'ಯೂಲಿಸಿಸ್' ಕಾದಂಬರಿಯ ಪ್ರಕಟಣೆ. ಆ ಕಾದಂಬರಿಯ ಭಾಗಗಳನ್ನು ಪ್ರಕಟಿಸುತ್ತಿದ್ದ ನ್ಯೂಯಾರ್ಕಿನ 'ಲಿಟಲ್ ರಿವ್ಯೂ' ಪತ್ರಿಕೆಯ ಸಂಪಾದಕಿಯರಿಬ್ಬರಿಗೆ 1921ರ ಫೆಬ್ರುವರಿಯಲ್ಲಿ ಅಶ್ಲೀಲತೆಯ ಆರೋಪದ ಮೇಲೆ ನ್ಯಾಯಾಲಯ ತಲಾ 50 ಡಾಲರ್ ದಂಡ ವಿಧಿಸಿತು. ಇಂಗ್ಲೆಂಡ್ ಅಮೆರಿಕಗಳ ಪ್ರಕಾಶಕರು ಹಿಂದೆಗೆದರು. ಹತಾಶನಾಗಿದ್ದ ಜಾಯ್ಸನಿಗೆ ಬೀಚ್ ತಾನೇ ಪ್ರಕಟಿಸುವುದಾಗಿ ಹೇಳಿದಳು. ಆಗ ಆಕೆಗೆ ಪ್ರಕಾಶನದ ಅನುಭವವಿಲ್ಲ, ಕೈಯಲ್ಲಿ ಹಣವೂ ಇಲ್ಲ. ಅಂಗಡಿ ತೆರೆದು ಎರಡು ವರ್ಷವೂ ತುಂಬಿರಲಿಲ್ಲ.

ಆಕೆ ಹಿಡಿದ ದಾರಿ ಮುಂಗಡ ಚಂದಾ. ಒಟ್ಟು 1,000 ಪ್ರತಿಗಳು; ಕಾಗದದ ಗುಣಕ್ಕೆ ತಕ್ಕಂತೆ 350, 250, 150 ಫ್ರಾಂಕುಗಳ ಮೂರು ಬೆಲೆಗಳು. ಚಂದಾ ಕೋರುವ ಪತ್ರಗಳು ದೇಶದೇಶಗಳಿಗೆ ಹೋದವು. ಕವಿ ಯೇಟ್ಸ್ ಚಂದಾದಾರನಾದ. ಬರ್ನಾರ್ಡ್ ಷಾ ಮಾತ್ರ, ಇಷ್ಟು ಬೆಲೆ ತೆತ್ತು ಇಂಥ ಪುಸ್ತಕವನ್ನು ವಯಸ್ಸಾದ ಐರಿಷ್ ಮನುಷ್ಯನೊಬ್ಬ ಕೊಳ್ಳುವನೆಂದು ನಂಬಿದರೆ ನಿನಗೆ ನಮ್ಮವರ ಸ್ವಭಾವ ಗೊತ್ತಿಲ್ಲ ಎಂಬರ್ಥದ ಉತ್ತರ ಬರೆದ. ದಿಜೋನ್ ನಗರದ ಮುದ್ರಕ ಮೋರಿಸ್ ದಾರಾಂತಿಯೇರ್ ಅಚ್ಚಿನ ಹೊಣೆ ಹೊತ್ತ. ಅಲ್ಲಿಯ ಮೊಳೆ ಜೋಡಿಸುವವರಿಗೆ ಇಂಗ್ಲಿಷ್ ಬಾರದು. ಜಾಯ್ಸನೋ ಕರಡಚ್ಚು ಬಂದಾಗಲೆಲ್ಲ ಅಂಚಿನಲ್ಲಿ ಹೊಸ ವಾಕ್ಯಗಳನ್ನು ಸೇರಿಸುತ್ತ ಹೋದ. ಪುಸ್ತಕದ ಸುಮಾರು ಮೂರನೆಯ ಒಂದು ಭಾಗ ಹೀಗೆ ಕರಡಿನಲ್ಲಿ ಬೆಳೆಯಿತು. ಪ್ರತಿ ತಿದ್ದುಪಡಿಗೂ ಮುದ್ರಕನಿಗೆ ಹೆಚ್ಚು ಹಣ ತೆರಬೇಕು. ತಿದ್ದಲು ಅಡ್ಡಿಮಾಡಬಾರದೆಂದು ಬೀಚ್ ಆ ಖರ್ಚನ್ನು ಹೊತ್ತಳು. ಇಂದು ಆ ಕಾದಂಬರಿಯ ಶೈಲಿಯನ್ನು ವಿವೇಚಿಸುವ ವಿದ್ಯಾರ್ಥಿ, ಅದರ ವಿಸ್ತಾರದ ಹಿಂದೆ ಒಂದು ಸಣ್ಣ ಅಂಗಡಿಯ ತಾಳ್ಮೆ ಇದೆಯೆಂಬುದನ್ನು ಮರೆಯಬಾರದು.

1922ರ ಫೆಬ್ರುವರಿ 2, ಜಾಯ್ಸನ ನಲವತ್ತನೆಯ ಹುಟ್ಟುಹಬ್ಬ. ಆ ಬೆಳಗ್ಗೆ ದಿಜೋನಿನಿಂದ ಬಂದ ರೈಲಿನಲ್ಲಿ ಎರಡು ಪ್ರತಿಗಳು ಬಂದವು. ಒಂದು ಜಾಯ್ಸನ ಕೈಸೇರಿತು, ಇನ್ನೊಂದು ಅಂಗಡಿಯ ಗಾಜಿನ ಹಿಂದೆ ಪ್ರದರ್ಶನಕ್ಕೆ ನಿಂತಿತು.

ಸಾವಿರ ಪ್ರತಿಗಳೆಂದಾಗ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ತಟ್ಟನೆ ನೆನಪಾಗುವುದು ಅತ್ತಿಮಬ್ಬೆ. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯ ಚರಿತ್ರೆಯ ಹೆಮ್ಮೆಯ ಸಂಗತಿ. ಎರಡು ಸಂದರ್ಭಗಳನ್ನು ಸಮೀಕರಿಸುವುದು ಸಲ್ಲದು. ಅತ್ತಿಮಬ್ಬೆಯದು ದಾನ, ಹಿಂದೆ ಸಂಪತ್ತಿತ್ತು. ಬೀಚಳದು ಮಾರಾಟ, ಹಿಂದೆ ಇದ್ದದ್ದು ಸಾಲ. ಆದರೂ ಒಂದು ಕೃತಿ ಉಳಿಯಬೇಕಾದರೆ ಅದನ್ನು ಬರೆದವನಷ್ಟೇ ಸಾಲದು, ಪ್ರತಿಗಳ ಹೊರೆ ಹೊರುವವರೂ ಬೇಕು ಎಂಬ ಅರಿವು ಎರಡೂ ಕಡೆ ಒಂದೇ.

ಲಾಭ ಎತ್ತ ಹೋಯಿತು

ಬೀಚಳ ಅಂಗಡಿ 'ಯೂಲಿಸಿಸ್' ಕಾದಂಬರಿಯನ್ನು ಹನ್ನೊಂದು ಬಾರಿ ಅಚ್ಚುಮಾಡಿಸಿತು. ಮಾರಾಟ ಚೆನ್ನಾಗಿತ್ತು. ಆದರೆ ಜಾಯ್ಸನ ಕುಟುಂಬದ ಖರ್ಚು ಅದಕ್ಕಿಂತ ಜೋರಾಗಿತ್ತು. ಲೇಖಕನಿಗೆ ಮುಂಗಡ ಕೊಡುತ್ತ ಕೊಡುತ್ತ ಅಂಗಡಿಯ ಗಲ್ಲಾಪೆಟ್ಟಿಗೆ ಬರಿದಾಗುತ್ತಿತ್ತು. ಅಮೆರಿಕದಲ್ಲಿ ಪುಸ್ತಕ ನಿಷಿದ್ಧವಾಗಿದ್ದರಿಂದ ಅಲ್ಲಿ ಕೃತಿಸ್ವಾಮ್ಯದ ರಕ್ಷಣೆ ಇರಲಿಲ್ಲ. ಸ್ಯಾಮ್ಯುಯೆಲ್ ರಾತ್ ಎಂಬಾತ ಅನುಮತಿಯಿಲ್ಲದೆ ಅದನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಮಾಡತೊಡಗಿದ. ಇದನ್ನು ಖಂಡಿಸಿ 1927ರಲ್ಲಿ 167 ಜನ ಸಹಿಹಾಕಿದ ಪ್ರತಿಭಟನಾ ಪತ್ರ ಪ್ರಕಟವಾಯಿತು.

ಮೊದಲ ಅಚ್ಚಿನ ಹೊತ್ತಿಗೆ ಬೀಚ್ ಮತ್ತು ಜಾಯ್ಸರ ನಡುವೆ ಲಿಖಿತ ಒಪ್ಪಂದವಿರಲಿಲ್ಲ. 1930ರಲ್ಲಿ ಒಪ್ಪಂದ ಬರೆದುಕೊಂಡರು. ಆದರೆ ಅಮೆರಿಕದ ದೊಡ್ಡ ಪ್ರಕಾಶಕರು ಮುಂದೆ ಬಂದಾಗ ಆ ಕಾಗದ ಅಡ್ಡಿಯಾಗಿ ಕಂಡಿತು. ಜಾಯ್ಸನ ಹಿತಕ್ಕೆ ನೀನೇ ಅಡ್ಡಿ ಎಂಬ ಒತ್ತಡ ಬಂದಾಗ ಆಕೆ ತನ್ನ ಹಕ್ಕನ್ನು ಬಿಟ್ಟುಕೊಟ್ಟಳು. 1932ರಲ್ಲಿ ರ್‍ಯಾಂಡಮ್ ಹೌಸ್ ಸಂಸ್ಥೆ ಜಾಯ್ಸನೊಡನೆ ಒಪ್ಪಂದ ಮಾಡಿಕೊಂಡಿತು. 1933ರ ಡಿಸೆಂಬರ್ 6ರಂದು ನ್ಯಾಯಾಧೀಶ ವೂಲ್ಸಿ ಆ ಕೃತಿ ಅಶ್ಲೀಲವಲ್ಲವೆಂದು ತೀರ್ಪಿತ್ತರು. 1934ರಲ್ಲಿ ಪುಸ್ತಕ ಅಮೆರಿಕದ ಮಾರುಕಟ್ಟೆಗೆ ಬಂದು ಸಾವಿರಗಟ್ಟಲೆ ಮಾರಾಟವಾಯಿತು. ಆ ಆದಾಯದಲ್ಲಿ ಬೀಚಳಿಗೆ ಸಂದದ್ದು ಶೂನ್ಯ.

ಇಲ್ಲಿ ಜಾಯ್ಸನನ್ನಾಗಲಿ ಪ್ರಕಾಶಕರನ್ನಾಗಲಿ ಖಳರನ್ನಾಗಿಸುವುದು ನನ್ನ ಉದ್ದೇಶವಲ್ಲ. ಕಾನೂನಿನ ಹೋರಾಟಕ್ಕೆ ಹಣಬಲ ಬೇಕಿತ್ತು, ಅದು ದೊಡ್ಡ ಸಂಸ್ಥೆಗೆ ಮಾತ್ರ ಸಾಧ್ಯವಿತ್ತು. ಗಮನಿಸಬೇಕಾದದ್ದು ಈ ವ್ಯವಹಾರದ ಸ್ವರೂಪವನ್ನು. ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಕೃತಿಯ ನಷ್ಟಸಂಭವವನ್ನು ಹೊತ್ತದ್ದು ಸಣ್ಣ ಅಂಗಡಿ. ಎಲ್ಲರಿಗೂ ಬೇಕಾದ ಕಾಲಕ್ಕೆ ಕೃತಿ ದೊಡ್ಡ ಕೈಗೆ ದಾಟಿತ್ತು. ಸ್ವತಂತ್ರ ಪುಸ್ತಕದಂಗಡಿಗಳ ಬಡತನಕ್ಕೆ ಅವುಗಳ ವ್ಯವಹಾರಜ್ಞಾನದ ಕೊರತೆಯೊಂದೇ ಕಾರಣವಲ್ಲ. ಅವು ಮಾಡುವ ಕೆಲಸದ ಫಲ ತಡವಾಗಿ, ಬೇರೆಡೆ ಕಾಣಿಸಿಕೊಳ್ಳುತ್ತದೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕನ್ನರು ಪ್ಯಾರಿಸ್ ಬಿಟ್ಟು ಹೊರಟರು. ಗಿರಾಕಿಗಳು ಕರಗಿದರು. ಅಂಗಡಿ ಮುಚ್ಚುವ ಮಾತನ್ನು ಬೀಚ್ ಆಡಿದಾಗ ಆಂದ್ರೆ ಜೀದ್ ಮುಂದಾಗಿ 1936ರಲ್ಲಿ ಅಂಗಡಿಯ ಮಿತ್ರಮಂಡಲಿಯನ್ನು ಕಟ್ಟಿದ. ವರ್ಷಕ್ಕೆ 200 ಫ್ರಾಂಕ್ ಚಂದಾ ಕೊಟ್ಟವರಿಗೆ ಅಂಗಡಿಯಲ್ಲಿ ಲೇಖಕರ ವಾಚನಕ್ಕೆ ಪ್ರವೇಶ. ಜೀದ್, ವಲೇರಿ, ಎಲಿಯಟ್, ಹೆಮಿಂಗ್ವೇ ಬಂದು ಓದಿದರು. ಅಂಗಡಿ ಕೆಲವು ವರ್ಷ ಉಸಿರಾಡಿತು.

ಅದನ್ನು ಕೊನೆಗೆ ಮುಚ್ಚಿಸಿದ್ದು ಯುದ್ಧ. ಪ್ಯಾರಿಸ್ ಜರ್ಮನರ ವಶವಾಗಿದ್ದ 1941ರಲ್ಲಿ ಜರ್ಮನ್ ಅಧಿಕಾರಿಯೊಬ್ಬ ಬಂದು ಗಾಜಿನ ಹಿಂದಿದ್ದ ಜಾಯ್ಸನ 'ಫಿನೆಗನ್ಸ್ ವೇಕ್' ಪುಸ್ತಕವನ್ನು ಕೇಳಿದ. ಅದು ತನ್ನಲ್ಲಿರುವ ಒಂದೇ ಪ್ರತಿ, ಮಾರುವುದಿಲ್ಲ ಎಂದಳು ಬೀಚ್. ಆತ ಮತ್ತೊಮ್ಮೆ ಬಂದು, ಅಂಗಡಿಯ ಸರಕನ್ನೆಲ್ಲ ಜಪ್ತಿಮಾಡುವುದಾಗಿ ಬೆದರಿಸಿ ಹೋದ. ಆತ ಹೋದ ಎರಡು ಗಂಟೆಗಳೊಳಗೆ ಸ್ನೇಹಿತರು ಸೇರಿ ಪುಸ್ತಕಗಳು, ಚಿತ್ರಗಳು, ಕಪಾಟುಗಳು, ದೀಪಗಳು ಎಲ್ಲವನ್ನೂ ಅದೇ ಕಟ್ಟಡದ ಮೇಲಿನ ಖಾಲಿ ಮನೆಗೆ ಸಾಗಿಸಿದರು. ಗೋಡೆಯ ಮೇಲಿನ ಹೆಸರಿಗೆ ಬಣ್ಣ ಬಳಿಯಿಸಿದರು. ಪುಸ್ತಕಗಳು ಉಳಿದವು, ಅಂಗಡಿ ಅಳಿಯಿತು. ಮುಂದೆ ಬೀಚ್ ಸುಮಾರು ಆರು ತಿಂಗಳು ಬಂಧನ ಶಿಬಿರದಲ್ಲಿದ್ದಳು. ಯುದ್ಧ ಮುಗಿದ ಮೇಲೂ ಆಕೆ ಅಂಗಡಿಯನ್ನು ಮತ್ತೆ ತೆರೆಯಲಿಲ್ಲ. ಇಂದು ಪ್ಯಾರಿಸ್ಸಿನಲ್ಲಿ ಅದೇ ಹೆಸರಿನಿಂದ ಪ್ರಸಿದ್ಧವಾಗಿರುವುದು ಬೇರೆ ಅಂಗಡಿ. ಜಾರ್ಜ್ ವಿಟ್ಮನ್ 1951ರಲ್ಲಿ ಬೇರೆ ಬೀದಿಯಲ್ಲಿ, ಬೇರೆ ಹೆಸರಿನಲ್ಲಿ ತೆರೆದು, 1964ರಲ್ಲಿ ಬೀಚಳ ಗೌರವಾರ್ಥ ಆ ಹೆಸರನ್ನು ಇಟ್ಟುಕೊಂಡ ಅಂಗಡಿ ಅದು.

ಬೆಲೆಯ ಪ್ರಶ್ನೆ

ಬೀಚ್ ಮತ್ತು ಮೊನಿಯೆಯರಿಗೆ ಆಧಾರವಾಗಿದ್ದದ್ದು ಮಿತ್ರರ ಔದಾರ್ಯ. ಔದಾರ್ಯವನ್ನು ನಂಬಿ ಒಂದೆರಡು ಅಂಗಡಿಗಳು ನಡೆಯಬಹುದು, ಒಂದು ದೇಶದ ಪುಸ್ತಕೋದ್ಯಮ ನಡೆಯದು. ಯುದ್ಧಾನಂತರ ಈ ಪ್ರಶ್ನೆ ಮುಖ್ಯವಾಗಿ ಪುಸ್ತಕದ ಬೆಲೆಯ ಸುತ್ತ ತಿರುಗಿತು. 1974ರಲ್ಲಿ ಫ್ರಾನ್ಸಿನ ಫ್ನ್ಯಾಕ್ ಎಂಬ ಬೃಹತ್ ಮಳಿಗೆ ಪುಸ್ತಕಗಳನ್ನು ಶೇಕಡ 20 ರಿಯಾಯಿತಿಯಲ್ಲಿ ಮಾರತೊಡಗಿತು. ಓದುಗನಿಗೆ ಇದು ಮೇಲ್ನೋಟಕ್ಕೆ ಲಾಭ. ಆದರೆ ಸಣ್ಣ ಅಂಗಡಿ ಬದುಕುವುದು ಬೇಗ ಮಾರಾಟವಾಗುವ ಪುಸ್ತಕದ ಲಾಭದಿಂದ ನಿಧಾನವಾಗಿ ಮಾರಾಟವಾಗುವ ಪುಸ್ತಕವನ್ನು ಸಾಕುತ್ತ. ಬೇಗ ಮಾರಾಟವಾಗುವ ಪುಸ್ತಕದ ಗಿರಾಕಿಗಳನ್ನು ರಿಯಾಯಿತಿ ಸೆಳೆದುಕೊಂಡರೆ, ಕವಿತೆ, ಸಂಶೋಧನೆ, ಹೊಸ ಲೇಖಕನ ಮೊದಲ ಕೃತಿ ಇವುಗಳಿಗೆ ಕಪಾಟಿನಲ್ಲಿ ಜಾಗವಿಲ್ಲದಂತಾಗುತ್ತದೆ.

ಈ ವಾದವನ್ನು ಮುಂದಿಟ್ಟು ಹೋರಾಡಿದವರಲ್ಲಿ ಪ್ರಮುಖ ಜೆರೋಮ್ ಲಿಂದೋನ್. ಬೆಕೆಟ್ಟನ ಕೃತಿಗಳನ್ನು ಪ್ರಕಟಿಸಿದ ಮಿನ್ಯುಯಿ ಪ್ರಕಾಶನದ ಮುಖ್ಯಸ್ಥ ಆತ. ಫಲವಾಗಿ 1981ರ ಆಗಸ್ಟ್ 10ರಂದು ಸಂಸ್ಕೃತಿ ಸಚಿವ ಜಾಕ್ ಲಾಂಗ್ ಹೆಸರಿನಿಂದ ಪ್ರಸಿದ್ಧವಾದ ಕಾನೂನು ಬಂತು. ಪುಸ್ತಕದ ಬೆಲೆಯನ್ನು ಪ್ರಕಾಶಕ ನಿಗದಿಮಾಡುತ್ತಾನೆ. ಹೊಸ ಪುಸ್ತಕಕ್ಕೆ ಯಾವ ಅಂಗಡಿಯೂ ಶೇಕಡ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ.

ಇಂಗ್ಲೆಂಡ್ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಅಲ್ಲಿ 1900ರಿಂದ ಪ್ರಕಾಶಕರೂ ಅಂಗಡಿಕಾರರೂ ಪರಸ್ಪರ ಒಪ್ಪಿ ಪಾಲಿಸುತ್ತಿದ್ದ ನಿಗದಿತ ಬೆಲೆಯ ಒಡಂಬಡಿಕೆ ಇತ್ತು. 1962ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿದಿತ್ತು. 1995ರಲ್ಲಿ ದೊಡ್ಡ ಪ್ರಕಾಶಕರು ಹೊರನಡೆದು ಅದು ಕುಸಿಯಿತು, 1997ರಲ್ಲಿ ನ್ಯಾಯಾಲಯವೂ ಅದನ್ನು ಅಸಿಂಧುಗೊಳಿಸಿತು. 1995ರಲ್ಲಿ ಅಲ್ಲಿ ಸುಮಾರು 1,900ರಷ್ಟಿದ್ದ ಸ್ವತಂತ್ರ ಅಂಗಡಿಗಳು 2016ರ ಹೊತ್ತಿಗೆ 900ಕ್ಕಿಂತ ಕಡಮೆಯಾದವು; ಅನಂತರ ಸಂಖ್ಯೆ ಸ್ವಲ್ಪ ಚೇತರಿಸಿತು. ಈ ಇಳಿಕೆಗೆ ಬಾಡಿಗೆ, ಅಂತರಜಾಲದ ಮಾರಾಟ ಮುಂತಾದ ಬೇರೆ ಕಾರಣಗಳೂ ಇವೆ. ಕಾನೂನಿದ್ದ ಮಾತ್ರಕ್ಕೆ ಫ್ರಾನ್ಸಿನ ಅಂಗಡಿಗಳೂ ನಿಶ್ಚಿಂತವಾಗಿಲ್ಲ. ಅಂತರಜಾಲದ ಮಾರಾಟಗಾರರು ಸಾಗಣೆಯ ವೆಚ್ಚವನ್ನು ನೆಪಮಾತ್ರಕ್ಕಿಳಿಸಿ ಕಾನೂನಿನ ಸಂದಿಯಲ್ಲಿ ನುಸುಳಿದಾಗ, ಒಟ್ಟು 35 ಯೂರೋಗಿಂತ ಕಡಮೆ ಮೊತ್ತದ ಪುಸ್ತಕ ಖರೀದಿಗೆ ಕನಿಷ್ಠ 3 ಯೂರೋ ಸಾಗಣೆ ಶುಲ್ಕ ಪಡೆಯಬೇಕೆಂಬ ನಿಯಮವನ್ನು 2023ರಲ್ಲಿ ಜಾರಿಗೆ ತರಬೇಕಾಯಿತು.

ನಮ್ಮ ಗಂಟು, ನಮ್ಮ ಅಟ್ಟ

ಈ ಚರಿತ್ರೆ ಕನ್ನಡಿಗರಿಗೆ ತೀರ ಪರಕೀಯವಲ್ಲ. ಗಳಗನಾಥರು ತಾವೇ ಬರೆದು, ತಾವೇ ಪ್ರಕಟಿಸಿ, ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದ ಮೊದಲ ಸ್ವತಂತ್ರ ಪುಸ್ತಕದಂಗಡಿಗಳಲ್ಲಿ ಒಂದು ಅವರ ಹೆಗಲ ಮೇಲೆ ಇತ್ತೆಂದರೆ ಅತಿಶಯೋಕ್ತಿಯಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆಯಿತು. ಅದರ 'ಅಟ್ಟ' ಎಷ್ಟೋ ಲೇಖಕರಿಗೆ ಓದೆಯೋನ್ ಬೀದಿಯಾಯಿತು. ಬೆಂಗಳೂರಿನಲ್ಲಿ ಟಿ.ಎಸ್. ಶಾನಭಾಗರ 'ಪ್ರೀಮಿಯರ್', ಮಂಗಳೂರಿನಲ್ಲಿ ಜಿ.ಎನ್. ಅಶೋಕವರ್ಧನರ 'ಅತ್ರಿ ಬುಕ್ ಸೆಂಟರ್' ಒಂದೊಂದು ತಲೆಮಾರಿನ ಓದನ್ನು ರೂಪಿಸಿದವು. ಮೊದಲನೆಯದು 1971ರಿಂದ 2009ರವರೆಗೆ, ಎರಡನೆಯದು 1975ರಿಂದ 2012ರವರೆಗೆ ನಡೆದು ಬಾಗಿಲು ಹಾಕಿದವು. ಅಶೋಕವರ್ಧನರು ಈ ಕ್ಷೇತ್ರದ ಅನುಭವವನ್ನು ಕುರಿತ ತಮ್ಮ ಪುಸ್ತಕಕ್ಕೆ 'ಪುಸ್ತಕ ಮಾರಾಟ ಹೋರಾಟ' ಎಂದು ಹೆಸರಿಟ್ಟದ್ದು ಅರ್ಥಪೂರ್ಣ.

ನಮ್ಮಲ್ಲಿ ಪುಸ್ತಕದ ಮೇಲೆ ಅಚ್ಚಾಗುವುದು ಗರಿಷ್ಠ ಬೆಲೆ. ರಿಯಾಯಿತಿಗೆ ಮಿತಿ ಹಾಕುವ ಕಾನೂನಿಲ್ಲ. ಗ್ರಂಥಾಲಯಗಳಿಗಾಗಿ ಸರ್ಕಾರ ಮಾಡುವ ಸಗಟು ಖರೀದಿ ಕನ್ನಡ ಪ್ರಕಾಶನಕ್ಕೆ ದೊಡ್ಡ ಆಸರೆಯೆಂಬುದು ನಿಜ. ಆದರೆ ಆ ಏರ್ಪಾಡಿನಲ್ಲಿ ಪುಸ್ತಕ ಪ್ರಕಾಶಕನಿಂದ ನೇರವಾಗಿ ಗ್ರಂಥಾಲಯಕ್ಕೆ ಹೋಗುತ್ತದೆ. ಅಂಗಡಿಯೆಂಬ ನಡುಮನೆಯನ್ನು ಅದು ಹಾಯುವುದಿಲ್ಲ. ಬರೆದವರಿಗೂ ಅಚ್ಚುಮಾಡಿದವರಿಗೂ ನೆರವಿನ ಯೋಜನೆಗಳಿವೆ; ಪುಸ್ತಕವನ್ನು ಬಲ್ಲ, ಓದುಗನನ್ನೂ ಬಲ್ಲ ಮೂರನೆಯವನು ಲೆಕ್ಕದಿಂದ ಹೊರಗುಳಿದಿದ್ದಾನೆ.

ವಿದ್ಯಾರ್ಥಿಗಳೂ ಸಂಶೋಧಕರೂ ಮಾಡಬಹುದಾದ ಒಂದು ಕೆಲಸವಿದೆ. ಬೀಚಳ ಎರವಲು ಕಾರ್ಡುಗಳು ಉಳಿದದ್ದರಿಂದ ಒಂದು ಯುಗದ ಓದಿನ ಚರಿತ್ರೆ ಉಳಿಯಿತು. ನಮ್ಮ ಊರುಗಳಲ್ಲಿ ಬಾಗಿಲು ಹಾಕಿದ, ಹಾಕುತ್ತಿರುವ ಪುಸ್ತಕದಂಗಡಿಗಳ ಲೆಕ್ಕದ ಪುಸ್ತಕಗಳು, ಚಂದಾದಾರರ ಪಟ್ಟಿಗಳು, ಲೇಖಕರ ಪತ್ರಗಳು, ರಸೀದಿಗಳು ರದ್ದಿಗೆ ಹೋಗುವ ಮೊದಲು ಕೈಗೆತ್ತಿಕೊಳ್ಳಬೇಕು. ವಯಸ್ಸಾದ ಅಂಗಡಿಕಾರರ ನೆನಪುಗಳನ್ನು ಬರೆದುಕೊಳ್ಳಬೇಕು. ಶಾಸನವನ್ನು ಪಡಿಯಚ್ಚು ತೆಗೆಯುವ, ಓಲೆಗರಿಯನ್ನು ಪ್ರತಿಮಾಡುವ ಶ್ರದ್ಧೆಯಿಂದಲೇ ಈ ಕೆಲಸವೂ ನಡೆಯಬೇಕಾಗಿದೆ.